ಬಿಸಿ ತುಪ್ಪದಂಥ ಒಂದು ಕಾಂಟ್ರಾಕ್ಟನ್ನು ನಾನು ಸಾಗಹಾಕಿದ್ದು

ನಮ್ಮದು ಹದಿನಾಲ್ಕು ಜನರ ಐಸ್ ಹಾಕಿ ಫ್ಯಾಂಟಸಿ ಲೀಗ್: ನಿಜವಾದ ಆಟಗಾರರನ್ನು ಸೇರಿಸಿ ಕಾಗದದ ಮೇಲೆ ತಂಡ ಕಟ್ಟುತ್ತೇವೆ, ನಿಜವಾದ ಪಂದ್ಯಗಳಲ್ಲಿ ಅವರು ಆಡಿದಂತೆ ನಮಗೆ ಅಂಕ. ನಾನಿರುವುದು ಟೊರಾಂಟೊ ಪಕ್ಕದ ಮಿಸಿಸಾಗದಲ್ಲಿ. ಉಳಿದವರು ಕೆನಡಾ ತುಂಬಾ ಹರಡಿದ್ದಾರೆ, ನಾಲ್ಕು ಜನ ಕನ್ನಡದವರು. ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಆಯಾ ವರ್ಷ ಸ್ಯಾಲರಿ ಕ್ಯಾಪ್, ಅಂದರೆ ತಂಡದ ಒಟ್ಟು ಸಂಬಳದ ಮಿತಿ, ಎಷ್ಟೋ ನಮಗೂ ಅಷ್ಟೇ. ಆಟಗಾರನ ನಿಜವಾದ ಕಾಂಟ್ರಾಕ್ಟೇ ನಮ್ಮ ಲೆಕ್ಕಕ್ಕೂ ಬರುತ್ತದೆ. ಐಪಿಎಲ್ ನೋಡುವವರಿಗೆ ಪರ್ಸ್ ಗೊತ್ತಲ್ವಾ? ಅಲ್ಲಿ ಆಟಗಾರ ಬೇಡವೆಂದರೆ ರಿಲೀಸ್ ಮಾಡಿದರಾಯಿತು, ದುಡ್ಡು ಪರ್ಸಿಗೆ ವಾಪಸ್. ಹಾಕಿಯಲ್ಲಿ ಹಾಗಿಲ್ಲ. ಐದು ವರ್ಷಕ್ಕೆ ಸಹಿ ಹಾಕಿದರೆ ಐದು ವರ್ಷವೂ ಹೊರಬೇಕು.

2023ರ ಬೇಸಿಗೆಯಲ್ಲಿ ಕ್ಯಾಪ್ 8 ಕೋಟಿ 35 ಲಕ್ಷ ಡಾಲರ್. ನನ್ನ ತಂಡದ ಮೊತ್ತ 8 ಕೋಟಿ 26 ಲಕ್ಷ. ವರ್ಷಕ್ಕೆ 9 ಲಕ್ಷಕ್ಕೆ ಆಡುತ್ತಿದ್ದ ನನ್ನ ಸೆಂಟರ್ (ಮುಂದಿನ ಸಾಲಿನ ಮಧ್ಯೆ ಆಡುವ) ಹುಡುಗ ವರ್ಷಕ್ಕೆ 70 ಲಕ್ಷದ ಹೊಸ ಕಾಂಟ್ರಾಕ್ಟ್‌ಗೆ ಸಹಿ ಹಾಕಿದ. ಒಂದೇ ದಿನದಲ್ಲಿ ನಾನು 52 ಲಕ್ಷ ಮೇಲೆ ಹೋದೆ. ಇನ್ನೊಂದು ಕಡೆ ಒಬ್ಬ ಡಿಫೆನ್ಸ್‌ಮನ್. ವರ್ಷಕ್ಕೆ 60 ಲಕ್ಷ, ಇನ್ನೂ ಮೂರು ವರ್ಷ ಬಾಕಿ. ಗೋಲು, ಅಸಿಸ್ಟ್ ಎರಡೂ ಬತ್ತಿಹೋಗಿದ್ದವು. ಅಕ್ಷರಶಃ ಬಿಸಿ ತುಪ್ಪ: ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಬೈಔಟ್ ಮಾಡಬಹುದಿತ್ತು, ಅಂದರೆ ಒಂದಿಷ್ಟು ದುಡ್ಡು ಕೊಟ್ಟು ಕಾಂಟ್ರಾಕ್ಟ್ ಮುರಿದುಕೊಳ್ಳುವುದು. ಆದರೆ ಆ ದಾರಿಯ ಬಿಸಿ ನನಗೆ ಮೊದಲೇ ತಾಗಿತ್ತು. 2021ರಲ್ಲಿ ವರ್ಷಕ್ಕೆ 30 ಲಕ್ಷದ, ಎರಡು ವರ್ಷ ಬಾಕಿಯಿದ್ದ ಒಬ್ಬನನ್ನು ಹಾಗೆ ಕಳಿಸಿದ್ದೆ. ಉಳಿದ ಸಂಬಳದ ಮೂರರಲ್ಲಿ ಎರಡು ಪಾಲನ್ನು ದುಪ್ಪಟ್ಟು ವರ್ಷಗಳಿಗೆ ಹಂಚಬೇಕು. ಅಂದರೆ ನಾಲ್ಕು ವರ್ಷ, ವರ್ಷಕ್ಕೆ 10 ಲಕ್ಷ. ಆ 10 ಲಕ್ಷ ಇನ್ನೂ ನನ್ನ ಲೆಕ್ಕದಲ್ಲಿ ಕೂತಿತ್ತು.

ಹಾಗಾಗಿ ಉಳಿದದ್ದು ಟ್ರೇಡ್, ಅಂದರೆ ಅವನನ್ನು ಇನ್ನೊಂದು ತಂಡಕ್ಕೆ ದಾಟಿಸುವುದು. ಮೊದಲ ಫೋನ್‌ನಲ್ಲೇ ಒಬ್ಬರು ನೇರವಾಗಿ ಹೇಳಿದರು, ‘ಮೊದಲ ಸುತ್ತಿನ ಪಿಕ್ ಕೊಡಿ, ತಗೋತೀನಿ.’ ಪಿಕ್ ಅಂದರೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿ. ಮಾತು ನ್ಯಾಯವಾದದ್ದೇ. 2019ರ ಜೂನ್‌ನಲ್ಲಿ ಟೊರಾಂಟೊ ತಂಡ ಪ್ಯಾಟ್ರಿಕ್ ಮಾರ್ಲೊನ ಒಂದೇ ವರ್ಷ ಬಾಕಿಯಿದ್ದ 62.5 ಲಕ್ಷದ ಕಾಂಟ್ರಾಕ್ಟ್ ಇಳಿಸಲು ಕ್ಯಾರೊಲೈನಾ ತಂಡಕ್ಕೆ ಮೊದಲ ಸುತ್ತಿನ ಪಿಕ್ ಕೊಟ್ಟಿತ್ತು. ಆ ಪಿಕ್‌ನಲ್ಲಿ ಕ್ಯಾರೊಲೈನಾ ಆರಿಸಿದ್ದು ಸೆತ್ ಜಾರ್ವಿಸ್‌ನನ್ನು. ಅವನು ಆಡುವುದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆಯೊಳಗೆ ಏನೋ ಆಗುತ್ತದೆ, ನಾನು ಟೊರಾಂಟೊ ಅಭಿಮಾನಿ. ಆಗಲ್ಲ ಅಂದೆ.

ಅವಸರ ಪಡದಿರಲು ನನಗೊಂದು ಧೈರ್ಯವಿತ್ತು. ಬೇಸಿಗೆಯಲ್ಲಿ ಕ್ಯಾಪ್‌ಗಿಂತ ಶೇ. 10ರಷ್ಟು ಮೇಲಿದ್ದರೂ ನಡೆಯುತ್ತದೆ, ಅಕ್ಟೋಬರ್‌ನಲ್ಲಿ ಸೀಸನ್ ಶುರುವಾಗುವ ಹೊತ್ತಿಗೆ ಸರಿಯಾದರೆ ಸಾಕು. ಆ ವೇಳೆಯನ್ನು ನಾನು ಫೋನ್ ಮಾಡಲು ಬಳಸಲಿಲ್ಲ. ಬೇರೆಯವರ ತಂಡಗಳನ್ನು ಓದಲು ಬಳಸಿದೆ. ರಾತ್ರಿ ಮಗಳು ಮಲಗಿದ ಮೇಲೆ ಅಡುಗೆಮನೆ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಹದಿಮೂರೂ ತಂಡಗಳ ಪಟ್ಟಿ ಬರೆದೆ. ಯಾರ ಹತ್ತಿರ ಜಾಗ ಇದೆ, ಎಷ್ಟು ವರ್ಷ ಇರುತ್ತದೆ, ಹೋದ ಸೀಸನ್‌ನಲ್ಲಿ ಯಾವುದರಲ್ಲಿ ಸೋತರು.

ನನಗೆ ದಾರಿ ತೋರಿಸಿದ್ದು 2015ರ ಒಂದು ಟ್ರೇಡ್. ಡೇವಿಡ್ ಕ್ಲಾರ್ಕ್‌ಸನ್‌ನ ಕಾಂಟ್ರಾಕ್ಟ್ ಟೊರಾಂಟೊಗೆ ಭಾರವಾಗಿತ್ತು. ಕೊಲಂಬಸ್ ತಂಡದಲ್ಲಿ ನೇಥನ್ ಹಾರ್ಟನ್ ಬೆನ್ನುನೋವಿನಿಂದ ಆಡುವ ಸ್ಥಿತಿಯಲ್ಲೇ ಇರಲಿಲ್ಲ, ಅವನ ಸಂಬಳಕ್ಕೆ ವಿಮೆಯೂ ಇರಲಿಲ್ಲ, ತಂಡವೇ ಕೊಡಬೇಕಿತ್ತು. ಅದಲು ಬದಲು ಮಾಡಿಕೊಂಡರು. ಕೊಲಂಬಸ್‌ಗೆ ಆಡುವ ಒಬ್ಬ ಮನುಷ್ಯ ಸಿಕ್ಕಿದ. ದುಡ್ಡಿಗೆ ಕೊರತೆ ಇಲ್ಲದ ಟೊರಾಂಟೊಗೆ ದೀರ್ಘಕಾಲ ಆಡಲಾಗದ ಗಾಯಾಳುವಿನ ಲೆಕ್ಕದಲ್ಲಿ ಮಿತಿ ಮೀರಲು ಬಿಡುವ ನಿಯಮದಿಂದ ಕ್ಯಾಪ್‌ನಲ್ಲಿ ಉಸಿರಾಡುವ ಜಾಗ ಸಿಕ್ಕಿತು. ಇವನಿಗೆ ಬೇಡವಾದದ್ದರಲ್ಲಿ ಅವನಿಗೆ ಬೇಕಾದದ್ದು ಒಂದಿರುತ್ತದೆ, ಅದನ್ನು ಹುಡುಕಬೇಕು.

ನನ್ನ ಡಿಫೆನ್ಸ್‌ಮನ್ ಗೋಲು ಹೊಡೆಯುತ್ತಿರಲಿಲ್ಲ, ನಿಜ. ಆದರೆ ಪಕ್‌ಗೆ (ಆಡುವ ರಬ್ಬರ್ ಬಿಲ್ಲೆಗೆ) ಮೈ ಅಡ್ಡ ಕೊಡುವುದನ್ನು ಬಿಟ್ಟಿರಲಿಲ್ಲ. ನಮ್ಮ ಲೀಗ್‌ನಲ್ಲಿ ಬ್ಲಾಕ್ ಮಾಡಿದ ಶಾಟ್‌ಗೂ ಅಂಕ ಇದೆ. ಪಟ್ಟಿ ನೋಡಿದರೆ ಬ್ಲಾಕ್‌ಗಳಲ್ಲಿ ಕೊನೆಯ ಸ್ಥಾನ ಕ್ಯಾಲ್ಗರಿಯ ಗೆಳೆಯನದು. ಅವನ ಹತ್ತಿರ 90 ಲಕ್ಷ ಜಾಗ ಸುಮ್ನೆ ಬಿದ್ದಿತ್ತು. ಅವನ ಹುಡುಗರಿಗೆ ದೊಡ್ಡ ಕಾಂಟ್ರಾಕ್ಟ್ ಬರುವುದು ಇನ್ನೂ ಮೂರು ವರ್ಷ ಆಚೆಗಿತ್ತು.

ಆಗಸ್ಟ್ ಕೊನೆಯಲ್ಲಿ ಫೋನ್ ಮಾಡಿದೆ. ‘ನಿಂಗೆ ಬ್ಲಾಕ್ ಬೇಕಲ್ವಾ ಗುರು?’ ಅಂದೆ.

‘ಬೇಕು, ಆದ್ರೆ ಮೂರು ವರ್ಷ ಜಾಸ್ತಿ ಆಯ್ತು ಕಣೋ. ಅರ್ಧ ಸಂಬಳ ನೀನೇ ಇಟ್ಕೋ.’

ಕಳಿಸಿಕೊಟ್ಟ ಆಟಗಾರನ ಸಂಬಳದಲ್ಲಿ ಶೇ. 50ರವರೆಗೆ ನಮ್ಮ ಲೆಕ್ಕದಲ್ಲೇ ಇಟ್ಟುಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ನನಗೆ ಮಾತ್ರ ಒಂದು ಲಕ್ಷಕ್ಕೂ ದಾರಿ ಇರಲಿಲ್ಲ. 60 ಲಕ್ಷ ಹೋದರೂ ಆ ಜಾಗಕ್ಕೆ ಒಬ್ಬ ಬೇಕು, ಆ ಸೀಸನ್‌ನ ಕನಿಷ್ಠ ಸಂಬಳವೇ 7 ಲಕ್ಷ 75 ಸಾವಿರ. ಹಲವರು ಮರೆಯುವುದು ಇದನ್ನೇ. ಇಳಿಸಿದ್ದು ಪೂರ್ತಿ ಉಳಿತಾಯವಲ್ಲ. ಲೆಕ್ಕವನ್ನೆಲ್ಲ ಅವನಿಗೆ ಬಿಡಿಸಿ ಹೇಳಿದೆ, ಏನೂ ಮುಚ್ಚಿಡಲಿಲ್ಲ. ಅವನಿಗೆ ಪೇಚಾಟ ಅರ್ಥವಾಯಿತು. ಎರಡು ದಿನ ತೂಗಿ ನೋಡಿ ಎರಡನೇ ಸುತ್ತಿನ ಪಿಕ್ ಕೇಳಿದ. ಕೊಟ್ಟೆ.

ಕ್ಯಾಪ್ ಕೆಳಗೆ ನನಗೆ ಉಳಿದದ್ದು 25 ಸಾವಿರ ಡಾಲರ್. ನವೆಂಬರ್‌ನ ಒಂದು ರಾತ್ರಿ ಇಲ್ಲಿ ಹನ್ನೆರಡೂವರೆ, ಅಲ್ಲಿ ಹತ್ತೂವರೆ, ಕ್ಯಾಲ್ಗರಿಯಿಂದ ಫೋನ್ ಬಂತು. ‘ಒಂದೇ ಆಟದಲ್ಲಿ ಆರು ಬ್ಲಾಕ್ ಕಣೋ!’ ಅಂತ ಕೂಗಿದ. ನನಗೂ ಖುಷಿಯಾಯಿತು. ಅದೇ ರಾತ್ರಿ ನನ್ನ ಸೆಂಟರ್ ಹುಡುಗ ಎರಡು ಗೋಲು ಹೊಡೆದಿದ್ದ.