ಫ್ಲಾರಿಡಾದಲ್ಲಿ ಕ್ರೂಸ್ ಮುಗಿಸಿ ಇಳಿಯುವ ಬೆಳಗ್ಗೆ: ತರಾತುರಿಯಿಲ್ಲದೆ ಹೊರಡುವ ಬಗೆ

ಮಯಾಮಿ, ಫೋರ್ಟ್ ಲಾಡರ್‌ಡೇಲ್‌ನ ಪೋರ್ಟ್ ಎವರ್‌ಗ್ಲೇಡ್ಸ್ ಅಥವಾ ಪೋರ್ಟ್ ಕೆನವೆರಲ್‌ನಿಂದ ಕೆರಿಬಿಯನ್ ದ್ವೀಪಗಳಿಗೆ ಹೋಗಿಬರುವ ಹಡಗುಗಳು ಸಾಮಾನ್ಯವಾಗಿ ಕೊನೆಯ ದಿನ ನಸುಕಿನಲ್ಲೇ ಬಂದರಿಗೆ ಮರಳುತ್ತವೆ. ಅದೇ ಹಡಗು ಅದೇ ದಿನ ಸಂಜೆ ಮುಂದಿನ ಪ್ರಯಾಣಕ್ಕೆ ಹೊರಡಬೇಕಾಗಿರುವುದರಿಂದ, ಇರುವ ಕೆಲವೇ ತಾಸುಗಳಲ್ಲಿ ಸಾವಿರಾರು ಜನರನ್ನು ಇಳಿಸಿ, ಕ್ಯಾಬಿನ್‌ಗಳನ್ನು ಶುಚಿ ಮಾಡಿ, ದಿನಸಿ ತುಂಬಿಸಿಕೊಂಡು, ಮಧ್ಯಾಹ್ನದ ಹೊತ್ತಿಗೆ ಹೊಸಬರನ್ನು ಹತ್ತಿಸಿಕೊಳ್ಳುವ ಅವಸರ ಸಿಬ್ಬಂದಿಗೆ ಇರುತ್ತದೆ. ಆ ಅವಸರ ಅವರದು. ಮುಂಚಿತವಾಗಿಯೇ ಕೆಲವು ವಿಷಯ ತೀರ್ಮಾನಿಸಿಕೊಂಡವರು ಅದನ್ನು ತಮ್ಮ ತಲೆಯ ಮೇಲೆ ಎಳೆದುಕೊಳ್ಳಬೇಕಾಗಿಲ್ಲ.

ಎಲ್ಲಕ್ಕಿಂತ ಮೊದಲಿನ ತೀರ್ಮಾನ ವಿಮಾನದ ಹೊತ್ತಿನದು, ಮತ್ತು ಅದನ್ನು ಟಿಕೆಟ್ ಕೊಳ್ಳುವಾಗಲೇ ಮಾಡಬೇಕು. ಪೋರ್ಟ್ ಎವರ್‌ಗ್ಲೇಡ್ಸ್‌ನಿಂದ ಫೋರ್ಟ್ ಲಾಡರ್‌ಡೇಲ್ ವಿಮಾನ ನಿಲ್ದಾಣ ಕೆಲವೇ ಕಿಲೋಮೀಟರ್ ದೂರದಲ್ಲಿದೆ. ಮಯಾಮಿ ಬಂದರಿನಿಂದ ಅಲ್ಲಿಯ ನಿಲ್ದಾಣಕ್ಕೆ ಹದಿಮೂರು ಕಿಲೋಮೀಟರ್‌ನಷ್ಟು. ಪೋರ್ಟ್ ಕೆನವೆರಲ್‌ನಿಂದ ಒರ್ಲ್ಯಾಂಡೊ ನಿಲ್ದಾಣಕ್ಕೆ ಮಾತ್ರ ಸುಮಾರು 70 ಕಿಲೋಮೀಟರ್ ಇದ್ದು, ರಸ್ತೆಯಲ್ಲೇ ಒಂದು ಗಂಟೆ ಹಿಡಿಯಬಹುದು. ಮಂಜು ಕವಿದು ಹಡಗು ತಡವಾಗಿ ಬಂದರು ಸೇರುವುದೂ ಉಂಟು. ಆದ್ದರಿಂದ ಮೊದಲೆರಡು ಬಂದರುಗಳಿಂದ ಮಧ್ಯಾಹ್ನ ಹನ್ನೆರಡರ ನಂತರದ ವಿಮಾನವನ್ನೂ ಕೆನವೆರಲ್‌ನಿಂದಾದರೆ ಮಧ್ಯಾಹ್ನ ಒಂದರ ನಂತರದ್ದನ್ನೂ ಹಿಡಿಯುವುದು ಕ್ಷೇಮ. ಬೆಳಗಿನ ವಿಮಾನದಲ್ಲಿ ಉಳಿಯುವ ಹಣ ಆ ಬೆಳಗಿನ ಎದೆಬಡಿತಕ್ಕೆ ಸಮವಲ್ಲವೆಂಬುದು ನನ್ನ ಎಣಿಕೆ.

ಇಳಿಯುವುದರಲ್ಲಿ ಎರಡು ಬಗೆಗಳಿವೆ. ತಮ್ಮ ಸಾಮಾನನ್ನೆಲ್ಲ ತಾವೇ ಎಳೆದುಕೊಂಡು ಹೋಗುವವರನ್ನು ಮೊದಲು ಬಿಡುತ್ತಾರೆ. ಉಳಿದವರಿಗೆ ಸಂಖ್ಯೆ ಅಥವಾ ಬಣ್ಣದ ಟ್ಯಾಗ್ ಕೊಟ್ಟು, ಹಿಂದಿನ ರಾತ್ರಿ ಹತ್ತು ಹನ್ನೊಂದು ಗಂಟೆಯೊಳಗೆ ಸೂಟ್‌ಕೇಸ್‌ಗಳನ್ನು ಕ್ಯಾಬಿನ್ ಬಾಗಿಲಿನ ಹೊರಗೆ ಇಡಲು ಹೇಳುತ್ತಾರೆ. ಅವು ಬೆಳಗ್ಗೆ ಟರ್ಮಿನಲ್‌ನಲ್ಲಿ ಸಿಗುತ್ತವೆ. ಮಕ್ಕಳ ಮನೆಗೆಂದು ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಬಂದಿರುವ ಅಪ್ಪ ಅಮ್ಮ ಜೊತೆಗಿದ್ದರೆ ಎರಡನೆಯ ಬಗೆಯನ್ನೇ ಆರಿಸಿಕೊಳ್ಳಬೇಕು. ಮುಂಜಾನೆ ಏಳರ ಸುಮಾರಿಗೆ ಲಿಫ್ಟ್‌ಗಳ ಮುಂದಿನ ನೂಕುನುಗ್ಗಲು ಮದುವೆಮನೆಯಲ್ಲಿ ಮೊದಲ ಪಂಕ್ತಿ ಏಳುವ ಹೊತ್ತನ್ನು ನೆನಪಿಸುತ್ತದೆ, ವ್ಯತ್ಯಾಸವೆಂದರೆ ಇಲ್ಲಿ ಪ್ರತಿಯೊಬ್ಬರ ಪಕ್ಕದಲ್ಲೂ ಎರಡೆರಡು ಪೆಟ್ಟಿಗೆ. ಟ್ಯಾಗ್‌ನ ಸರದಿಯನ್ನು ಬದಲಿಸಿಕೊಳ್ಳಲು ಅನೇಕ ಹಡಗುಗಳಲ್ಲಿ ಅವಕಾಶವಿರುವುದರಿಂದ, ವಿಮಾನ ಸಂಜೆಗಿರುವವರು ಗೆಸ್ಟ್ ಸರ್ವೀಸಸ್ ಕೌಂಟರ್‌ನಲ್ಲಿ ಕೇಳಿ ತಡವಾದ ಸರದಿಯನ್ನು ಪಡೆಯುವುದು ಜಾಣತನ. ಮಂಡಿನೋವಿನವರಿಗೆ ಗಾಲಿಕುರ್ಚಿ ಬೇಕಿದ್ದರೆ ಅದನ್ನೂ ಆಗಲೇ ಹೇಳಿಡಬೇಕು. ಬೆಳಗ್ಗೆ ಕೇಳಿದರೆ ಕಾಯುವುದು ತಪ್ಪದು.

ಸೂಟ್‌ಕೇಸ್ ಹೊರಗಿಟ್ಟ ಮೇಲೆ ಟರ್ಮಿನಲ್ ತಲುಪುವವರೆಗೆ ಅದು ಕೈಗೆ ಸಿಗುವುದಿಲ್ಲ. ಮರುದಿನ ಉಡುವ ಬಟ್ಟೆ, ಒಳ ಉಡುಪು, ಚಪ್ಪಲಿಯನ್ನು ತೆಗೆದು ಕುರ್ಚಿಯ ಮೇಲೆ ಇಟ್ಟ ನಂತರವೇ ಜಿಪ್ ಎಳೆಯುವುದು ಒಳ್ಳೆಯ ಪದ್ಧತಿ. ಎಲ್ಲವನ್ನೂ ತುಂಬಿ ಕಳುಹಿಸಿ, ನೈಟಿಯಲ್ಲೋ ಲುಂಗಿಯಲ್ಲೋ ಇಳಿಯಬೇಕಾಗಿ ಬಂದವರ ಕಥೆಗಳು ಪ್ರತಿ ಹಡಗಿನಲ್ಲೂ ಇರುತ್ತವೆ. ರಕ್ತದೊತ್ತಡ, ಮಧುಮೇಹದ ಮಾತ್ರೆ, ಇನ್ಸುಲಿನ್, ಕನ್ನಡಕ, ಚಾರ್ಜರ್, ಒಡವೆ ಕೈಚೀಲದಲ್ಲಿರಲಿ.

ಕಾಗದಪತ್ರಗಳ ವಿಷಯದಲ್ಲಿ ಭಾರತೀಯ ಪಾಸ್‌ಪೋರ್ಟ್ ಇರುವವರು ಹೆಚ್ಚಿನ ಗಮನ ಕೊಡಬೇಕು. ಹಡಗು ವಿದೇಶಿ ಬಂದರುಗಳಿಗೆ ಹೋಗಿಬಂದಿರುವುದರಿಂದ, ಇಳಿದೊಡನೆ ಅಮೆರಿಕದ ಗಡಿ ಅಧಿಕಾರಿಗಳ ತಪಾಸಣೆ ಇರುತ್ತದೆ. ಈಗ ಅನೇಕ ಟರ್ಮಿನಲ್‌ಗಳಲ್ಲಿ ಕ್ಯಾಮೆರಾ ಮುಖ ಗುರುತಿಸಿ ಬೇಗ ಬಿಟ್ಟುಬಿಡುತ್ತದಾದರೂ, ಪಾಸ್‌ಪೋರ್ಟ್ ಕೈಯಲ್ಲೇ ಇರಬೇಕು. ಹಿರಿಯರಲ್ಲಿ ಹಲವರ ಹತ್ತು ವರ್ಷದ ವೀಸಾ ಇನ್ನೂ ಚಾಲ್ತಿಯಲ್ಲಿದ್ದರೂ, ಅದು ಅವಧಿ ಮುಗಿದ ಹಳೆಯ ಪಾಸ್‌ಪೋರ್ಟ್‌ನಲ್ಲಿರುತ್ತದೆ. ಅಂಥವರು ಹಳೆಯದು ಮತ್ತು ಹೊಸದು ಎರಡನ್ನೂ ಒಂದಕ್ಕೊಂದು ರಬ್ಬರ್ ಬ್ಯಾಂಡ್ ಹಾಕಿ ಜೊತೆಯಲ್ಲಿಟ್ಟುಕೊಳ್ಳಬೇಕು. ಎಚ್-1ಬಿ ಉದ್ಯೋಗ ವೀಸಾದವರು ಐ-797 ಎಂಬ ಅನುಮೋದನೆ ಪತ್ರವನ್ನೂ, ಗ್ರೀನ್ ಕಾರ್ಡ್ ಇರುವವರು ಕಾರ್ಡನ್ನೂ ಸೂಟ್‌ಕೇಸ್‌ಗೆ ಸೇರಿಸಬಾರದು. ತಿನಿಸಿನ ವಿಷಯದಲ್ಲೂ ಎಚ್ಚರ ಬೇಕು: ಮೊಮ್ಮಗುವಿಗೆಂದು ಬಫೆಯಿಂದ ಎತ್ತಿಕೊಂಡ ಬಾಳೆಹಣ್ಣು, ಸೇಬು ಹಡಗಿನಲ್ಲೇ ಉಳಿಯಬೇಕು. ಅಘೋಷಿತ ಹಣ್ಣು ಅಥವಾ ಮಾಂಸ ಸಿಕ್ಕಿದರೆ ದಂಡ ಬೀಳಬಹುದು. ಹಡಗಿನ ಅಂಗಡಿಯ ಮದ್ಯದ ಬಾಟಲಿ ಕೈಚೀಲದಲ್ಲಿದ್ದರೆ ಅದನ್ನು ಟರ್ಮಿನಲ್‌ನಲ್ಲೇ ಸೂಟ್‌ಕೇಸ್‌ಗೆ ವರ್ಗಾಯಿಸಬೇಕು, ಏಕೆಂದರೆ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಕೈಚೀಲದ ದ್ರವಕ್ಕೆ 100 ಮಿಲಿಲೀಟರ್ ಮಿತಿಯಿದೆ.

ಲೆಕ್ಕವನ್ನು ಕೊನೆಯ ಸಂಜೆ ಊಟಕ್ಕೆ ಮುಂಚೆ ನೋಡಿಬಿಡಬೇಕು. ಕ್ಯಾಬಿನ್‌ನ ಟಿವಿ ಅಥವಾ ಹಡಗಿನ ಆ್ಯಪ್‌ನಲ್ಲಿ ಖರ್ಚಿನ ಪಟ್ಟಿ ಕಾಣುತ್ತದೆ. ಕುಡಿಯದ ಪಾನೀಯದ ಬಿಲ್ಲೋ, ಎರಡು ಸಲ ಬಿದ್ದ ಟಿಪ್ಸೋ ಕಂಡರೆ ಅಂದೇ ಕೌಂಟರ್‌ಗೆ ಹೋದರೆ ಐದು ಹತ್ತು ನಿಮಿಷದ ಮಾತು, ಮರುದಿನ ಬೆಳಗ್ಗೆ ಅಲ್ಲಿ ಉದ್ದನೆಯ ಸಾಲು.

ಇನ್ನು ಆ ಬೆಳಗ್ಗೆ. ಕೊನೆಯ ದಿನ ಕ್ಯಾಬಿನ್‌ಗೆ ತಿಂಡಿ ತಂದುಕೊಡುವ ಸೇವೆ ಬಹಳಷ್ಟು ಹಡಗುಗಳಲ್ಲಿ ಇರುವುದಿಲ್ಲ, ಬಫೆಯಲ್ಲಿ ಕೂರಲು ಜಾಗ ಸಿಗುವುದು ಕಷ್ಟ. ಮುಖ್ಯ ಊಟದ ಕೋಣೆ ತೆರೆದಿದ್ದರೆ ಅಲ್ಲಿಗೇ ಹೋಗಬೇಕು: ಮೇಜಿನ ಬಳಿಗೇ ಕಾಫಿ ಬರುತ್ತದೆ, ಗದ್ದಲ ಕಡಿಮೆ, ವಾರವಿಡೀ ಬಡಿಸಿದವರಿಗೆ ಹೋಗಿಬರುತ್ತೇವೆಂದು ಹೇಳಲೂ ಆಗುತ್ತದೆ. ತಿಂಡಿಗೆ ಹೊರಡುವ ಮುನ್ನ ತಿಜೋರಿ, ಬಾಗಿಲ ಹಿಂದಿನ ಕೊಕ್ಕೆ, ಸ್ನಾನದ ಮನೆಯಲ್ಲಿ ಒಣಹಾಕಿದ ಬಟ್ಟೆ, ದಿಂಬಿನ ಕೆಳಗಿನ ಫೋನ್, ಇವಿಷ್ಟನ್ನು ಒಬ್ಬರು ನೋಡಿ, ಮತ್ತೊಬ್ಬರು ಇನ್ನೊಮ್ಮೆ ನೋಡಲಿ. ಎಂಟು ಎಂಟೂವರೆಗೆ ಕ್ಯಾಬಿನ್ ಬಿಟ್ಟುಕೊಡಬೇಕಾಗುತ್ತದೆ; ಆಮೇಲೆ ಹೊರಬಾಗಿಲ ಬಳಿಯ ಮೆಟ್ಟಿಲುಗಳ ಮೇಲೆ ನಿಂತು ಕಾಯುವುದರ ಬದಲು, ಮೇಲಿನ ಡೆಕ್‌ನಲ್ಲೋ ಖಾಲಿಯಿರುವ ಲಾಂಜ್‌ನಲ್ಲೋ ಕುಳಿತು, ತಮ್ಮ ಸಂಖ್ಯೆ ಕರೆದ ಹತ್ತು ನಿಮಿಷಕ್ಕೆ ಎದ್ದರೆ ಸಾಲು ತೆಳುವಾಗಿರುತ್ತದೆ. ಹೊರಬಾಗಿಲಲ್ಲಿ ಕ್ಯಾಬಿನ್ ಕಾರ್ಡನ್ನು ಕೊನೆಯ ಬಾರಿ ಸ್ಕ್ಯಾನ್ ಮಾಡುತ್ತಾರಾದ್ದರಿಂದ ಅದನ್ನು ಚೀಲದ ತಳಕ್ಕೆ ಸೇರಿಸಬಾರದು.

ಟರ್ಮಿನಲ್‌ನಲ್ಲಿ ಸೂಟ್‌ಕೇಸ್‌ಗಳನ್ನು ಟ್ಯಾಗ್‌ನ ಸಂಖ್ಯೆಗೆ ಅನುಗುಣವಾಗಿ ಸಾಲಾಗಿ ಜೋಡಿಸಿರುತ್ತಾರೆ. ಅರ್ಧಕ್ಕರ್ಧ ಕಪ್ಪು ಬಣ್ಣದವೇ ಆಗಿರುವುದರಿಂದ ಹಿಡಿಕೆಗೆ ಒಂದು ಬಣ್ಣದ ಬಟ್ಟೆಯ ಚೂರು ಕಟ್ಟಿರುವುದು ಉಪಯುಕ್ತ, ಆದರೂ ಹೆಸರು ಓದಿಯೇ ಎತ್ತಿಕೊಳ್ಳಬೇಕು. ಯಾವುದಾದರೂ ಪೆಟ್ಟಿಗೆ ಕಾಣದಿದ್ದರೆ ಅಥವಾ ಒಡೆದಿದ್ದರೆ ಆ ಹಾಲ್ ಬಿಟ್ಟು ಹೊರಡುವ ಮೊದಲೇ ಹಡಗು ಕಂಪನಿಯ ಮೇಜಿನಲ್ಲಿ ಬರೆಸಿ, ರಸೀದಿ ಪಡೆದುಕೊಳ್ಳಬೇಕು.