ಮಧ್ಯಮದಿಂದ ಗಾಂಧಾರಕ್ಕೆ: ಗಿಟಾರ್‌ನಲ್ಲಿ ಸೆವೆನ್ ಸಸ್ ಫೋರ್

ಕಂಪನಿ ನಾಟಕಗಳ ಹಾರ್ಮೋನಿಯಂ ಕೇಳಿ ಬೆಳೆದ ದಾವಣಗೆರೆಯಲ್ಲಿ ಈಗ ಗಿಟಾರ್ ಹಿಡಿದ ಮಕ್ಕಳೂ ಇದ್ದಾರೆ. ಮೇಜರ್, ಮೈನರ್ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು) ಕಲಿತವರಿಗೆ ‘ಸೆವೆನ್ ಸಸ್ ಫೋರ್’ (ಸಸ್ ಎಂದರೆ ಸಸ್ಪೆಂಡೆಡ್: ಮೂರನೆಯ ಸ್ವರದ ಬದಲು ನಾಲ್ಕನೆಯದು; ಸೆವೆನ್ ಎಂದರೆ ಜೊತೆಗೆ ಕೋಮಲವಾದ ಏಳನೆಯದು) ಎಂಬ ಹೆಸರು ತೊಡಕೆನಿಸುತ್ತದೆ. ಅದನ್ನು ಬೆರಳಿಗಿಂತ ಮೊದಲು ಕಿವಿಗೆ ಕಲಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಾರ್ಮೋನಿಯಂನಲ್ಲಿ ಬಿಳಿ ಆರನ್ನು (ಪಾಶ್ಚಾತ್ಯ ಹೆಸರಿನಲ್ಲಿ ‘ಎ’ ಸ್ವರವನ್ನು) ಷಡ್ಜವಾಗಿಟ್ಟುಕೊಂಡು ಷಡ್ಜ, ಶುದ್ಧ ಮಧ್ಯಮ, ಪಂಚಮ, ಕೋಮಲ ನಿಷಾದಗಳನ್ನು ಒಟ್ಟಿಗೆ ಒತ್ತಿ ಹಿಡಿಯಿರಿ. ಸ್ವಲ್ಪ ಹೊತ್ತಿನ ಬಳಿಕ ಮಧ್ಯಮವನ್ನಷ್ಟೇ ಬಿಟ್ಟು ಶುದ್ಧ ಗಾಂಧಾರಕ್ಕೆ ಇಳಿಯಿರಿ. ಮೊದಲು ಕೇಳಿದ್ದು ಎ ಸೆವೆನ್ ಸಸ್ ಫೋರ್, ನಂತರದ್ದು ಎ ಸೆವೆನ್. ಗಾಂಧಾರದ ಜಾಗದಲ್ಲಿ ಮಧ್ಯಮ ನಿಂತಿರುವುದರಿಂದ ಮೊದಲಿನದು ಮೇಜರೂ ಅಲ್ಲ, ಮೈನರೂ ಅಲ್ಲ; ಅದರ ಕಾತರವೆಲ್ಲ ಆ ಒಂದು ಸ್ವರದಲ್ಲಿದೆ.

ಇನ್ನು ಗಿಟಾರ್. ಏಪ್ರಿಲ್ ಬಿಸಿಲಿನಲ್ಲಿ ಹೊತ್ತು ತಂದ ವಾದ್ಯದ ಉಕ್ಕಿನ ತಂತಿಗಳು ಕಾದು ಸಡಿಲಗೊಂಡು ಶ್ರುತಿ ಇಳಿದಿರುತ್ತದೆ. ನೆರಳಿನಲ್ಲಿ ಆರಲು ಬಿಟ್ಟು ಶ್ರುತಿ ಮಾಡಿಕೊಳ್ಳಿ. ತೀರ ತೆಳುವಾದ ತಂತಿಯೇ ಒಂದನೆಯದು. ನಾಲ್ಕನೆಯ ತಂತಿಯ 2ನೇ ಫ್ರೆಟ್‌ನಲ್ಲಿ (ಗಿಟಾರ್‌ನ ಕತ್ತಿನ ಮೇಲೆ ಲೋಹದ ಅಡ್ಡಪಟ್ಟಿಗಳು ಮಾಡಿದ ಮನೆಯಲ್ಲಿ) ನಡುಬೆರಳು, ಎರಡನೆಯ ತಂತಿಯ 2ನೇ ಫ್ರೆಟ್‌ನಲ್ಲಿ ಉಂಗುರಬೆರಳು, ಅದೇ ತಂತಿಯ 3ನೇ ಫ್ರೆಟ್‌ನಲ್ಲಿ ಕಿರುಬೆರಳು ಇಡಿ. ಐದನೆಯ ತಂತಿಯಿಂದ ಕೆಳಕ್ಕೆ ಮೀಟಿ. ಆರನೆಯ ತಂತಿಯ ಸ್ವರ ಪಂಚಮವೇ ಆದರೂ ಮಂದ್ರದಲ್ಲಿ ಷಡ್ಜ ನಿಲ್ಲಲೆಂದು ಅದನ್ನು ಬಿಡುತ್ತೇವೆ. ಕಿರುಬೆರಳನ್ನು ಎತ್ತಿದರೆ ಸಾಕು, ಕೆಳಗೆ ಕಾದಿರುವ ಉಂಗುರಬೆರಳಿನಿಂದ ಗಾಂಧಾರ ತಾನಾಗಿ ನುಡಿಯುತ್ತದೆ.

ಹೆಚ್ಚಿನವರು ಎಡವುವುದು ಮೂರನೆಯ ತಂತಿಯಲ್ಲಿ. ಕೋಮಲ ನಿಷಾದವಿರುವುದು ಆ ಖಾಲಿ ತಂತಿಯಲ್ಲೇ. ನಡುಬೆರಳು ಮಲಗಿ ಅದಕ್ಕೆ ತಾಗಿದರೆ ಕಾರ್ಡ್‌ನ ಸೆವೆನ್ ಸತ್ತಂತೆ. ಆದ್ದರಿಂದ ಮೀಟುವ ಮೊದಲು ಒಂದೊಂದೇ ತಂತಿಯನ್ನು ನುಡಿಸಿ ಪರೀಕ್ಷಿಸಿ, ಬೆರಳ ತುದಿ ನೇರವಾಗಿ ನಿಲ್ಲುವಂತೆ ಮಣಿಕಟ್ಟನ್ನು ತುಸು ಮುಂದಕ್ಕೆ ತನ್ನಿ.

ಬಳಿಕ ಕೆಹರ್ವಾ ತಾಳದ ಎಂಟು ಮಾತ್ರೆಗಳನ್ನು ನಿಧಾನವಾಗಿ ಎಣಿಸುತ್ತ ಮೊದಲ ನಾಲ್ಕಕ್ಕೆ ಸಸ್ ಫೋರ್, ಉಳಿದ ನಾಲ್ಕಕ್ಕೆ ಎ ಸೆವೆನ್ ನುಡಿಸಿ, ಮುಂದಿನ ಸಮ್‌ಗೆ (ಆವರ್ತದ ಮೊದಲ ಮಾತ್ರೆಗೆ) ಡಿ ಮೇಜರ್ ಹಿಡಿಯಿರಿ. ಲಯ ತಪ್ಪುತ್ತಿದ್ದರೆ ವೇಗ ಇಳಿಸಿ.

ಇದು ಕೈಗೆ ಬಂದ ಮೇಲೆ ಇ ಸೆವೆನ್ ಸಸ್ ಫೋರ್ ಸುಲಭ: ಐದನೆಯ ಮತ್ತು ಮೂರನೆಯ ತಂತಿಗಳ 2ನೇ ಫ್ರೆಟ್ ಒತ್ತಿ ಆರೂ ತಂತಿಗಳನ್ನು ಮೀಟಿ, ಆಮೇಲೆ ಮೂರನೆಯ ತಂತಿಯ ಬೆರಳನ್ನು 1ನೇ ಫ್ರೆಟ್‌ಗೆ ಇಳಿಸಿ.