ಎರಡು ಮೈಕು, ಒಂದು ಸಣ್ಣ ಸ್ಪೀಕರು: ಕಛೇರಿ ಮುದ್ರಣವೂ ಅದನ್ನು ಕಲಿಸಿದ ಆಲ್ಬಂಗಳೂ

ಧ್ವನಿವರ್ಧಕ ಹಾಕಿದ ಕಲ್ಯಾಣಮಂಟಪದಲ್ಲಿ ನಡೆಯುವ ಕರ್ನಾಟಕ ಸಂಗೀತದ ಕಛೇರಿಯನ್ನು ವೇದಿಕೆಯ ಮುಂದೆ ನಿಲ್ಲಿಸಿದ ಎರಡೇ ಮೈಕುಗಳಿಂದ ಕೇಳುವಂತೆ ಮುದ್ರಿಸಲು ಆಗದೆಂದು ಹಾಸನದಲ್ಲಿ ನನಗೆ ಹೇಳದವರಿಲ್ಲ. ಮೈಕ್‌ಸೆಟ್ಟಿನವರು ಹೇಳಿದರು, ಸಂಗೀತ ಸಭೆಯ ಕಾರ್ಯದರ್ಶಿಗಳು ಹೇಳಿದರು, ಬೆಂಗಳೂರಿನ ಸ್ಟುಡಿಯೊ ಒಂದರಲ್ಲಿ ಕೆಲಸ ಮಾಡುವ ಗೆಳೆಯರಂತೂ ನಕ್ಕೇಬಿಟ್ಟರು. ಈ ಸಲದ ರಾಮನವಮಿ ಕಛೇರಿಗಳ ಮುದ್ರಣವನ್ನು ಕೇಳಿದ ಮೇಲೆ ಅದೇ ಗೆಳೆಯರು "ಎಷ್ಟು ಚಾನೆಲ್ ಬಳಸಿದಿರಿ?" ಎಂದು ವಿಚಾರಿಸಿದ್ದರಿಂದ, ಇದನ್ನು ಬರೆಯುವ ಹಕ್ಕು ನನಗೆ ಬಂದಿದೆಯೆಂದು ಭಾವಿಸಿದ್ದೇನೆ. ಈ ಕೆಲಸವನ್ನು ನನಗೆ ಯಾವ ತರಬೇತಿಯೂ ಕಲಿಸಲಿಲ್ಲ. ಚೆನ್ನಾಗಿ ಮುದ್ರಣಗೊಂಡ ಕೆಲವು ನೇರ ಕಛೇರಿಗಳ ಆಲ್ಬಂಗಳನ್ನು ವರ್ಷಗಟ್ಟಲೆ ಹೆಡ್‌ಫೋನಿನಲ್ಲಿ ಕೇಳಿ, ಮೈಕು ಎಲ್ಲಿದ್ದಿರಬೇಕೆಂದು ಊಹಿಸಿ ಕಲಿತದ್ದು ಇದು. ಆದ್ದರಿಂದ ಕೆಲಸದ ವಿವರದೊಡನೆ ಆ ಆಲ್ಬಂಗಳ ಶಿಫಾರಸೂ ಸೇರಿಕೊಂಡಿದೆ.

ಎಲ್ಲರೂ ಮಾಡುವುದು ವೇದಿಕೆಯ ಮೈಕುಗಳನ್ನೆಲ್ಲ ಕೂಡಿಸುವ ಮಿಕ್ಸರಿನಿಂದ ಲೈನ್ ತೆಗೆದುಕೊಳ್ಳುವುದನ್ನು, ಅಂದರೆ ತಂತಿಯ ಮೂಲಕ ನೇರವಾಗಿ ಇಳಿಸಿಕೊಳ್ಳುವುದನ್ನು. "ಸಾರ್, ಲೈನ್ ಕೊಡ್ತೀನಿ, ತಗೊಂಡು ಸುಮ್ನಿರಿ" ಎಂದು ಮೈಕ್‌ಸೆಟ್ಟಿನ ಹುಡುಗ ಹೇಳುವುದೂ ಅದನ್ನೇ. ಹಲವು ವರ್ಷ ನಾನೂ ಹಾಗೆಯೇ ಸುಮ್ಮನಿದ್ದೆ. ಆ ಲೈನಿನಲ್ಲಿ ಬರುವುದು ಕಛೇರಿಯಲ್ಲ, ಸಭಾಂಗಣದಲ್ಲಿ ತಾನಾಗಿ ಸಾಕಷ್ಟು ಕೇಳದುದರ ಪಟ್ಟಿ ಮಾತ್ರ. ಮೃದಂಗ ತಾನಾಗಿಯೇ ಸಭೆಗೆಲ್ಲ ಕೇಳುವುದರಿಂದ ಮಿಕ್ಸರಿನಲ್ಲಿ ಅದನ್ನು ತಗ್ಗಿಸಿರುತ್ತಾರೆ. ಮುದ್ರಣದಲ್ಲಿ ಅದು ಪಕ್ಕದ ಬೀದಿಯಲ್ಲಿ ನುಡಿದಂತಾಗುತ್ತದೆ. ಗಾಯಕಿಯ ದನಿ ಮಾತ್ರ ಕಿವಿಗೆ ಅಂಟಿಕೊಂಡು, ಉಸಿರು, ಎಂಜಲು ನುಂಗಿದ್ದು ಎಲ್ಲವೂ ಕೇಳುತ್ತದೆ. ಪಿಟೀಲಿಗೆ ಸಿಕ್ಕಿಸಿದ ಪಿಕಪ್ ಎಂಬ ಪುಟ್ಟ ಮೈಕಿನಿಂದ ಮರದ ನಾದ ಬರುವುದೇ ಇಲ್ಲ. ಇದರ ಮೇಲೆ ಜನರೇಟರಿಗೆ ಬದಲಾಯಿಸಿದ ಕ್ಷಣದಿಂದ ಕಡೆಯವರೆಗೂ ಗುಂಯ್‌ಗುಡುವ ಅರ್ಥಿಂಗ್ ದೋಷ ಬೇರೆ. ಒಂದು ಪೂರ್ತಿ ಕಲ್ಯಾಣಿ ರಾಗ ತಾನ ಪಲ್ಲವಿ ನನ್ನಲ್ಲಿ ಹೀಗೆ ಹಾಳಾಗಿ ಬಿದ್ದಿದೆ.

ಇದಕ್ಕೆ ಪ್ರತಿಯಾಗಿ 1959ರ ಏಪ್ರಿಲಿನಲ್ಲಿ ಬಾಬ್ ಸಿಂಪ್ಸನ್ ಮುದ್ರಿಸಿದ 'ಬೆಲಾಫಾಂಟೆ ಅಟ್ ಕಾರ್ನೆಗಿ ಹಾಲ್' ಆಲ್ಬಮನ್ನು ಕೇಳಬೇಕು. ಹಾಡುಗಾರ ವೇದಿಕೆಯ ಮೇಲೆ ಅತ್ತಿತ್ತ ಸರಿದಾಡುವುದು, ಅವನ ಹಿಂದೆ ವಾದ್ಯವೃಂದ ಎಷ್ಟು ಆಳದಲ್ಲಿದೆ ಎಂಬುದು, ಸಭಿಕರು ಜೊತೆಗೂಡಿ ಹಾಡುವಾಗ ಆ ದನಿ ಎಲ್ಲಿಂದ ಏಳುತ್ತದೆ ಎಂಬುದು ಎಲ್ಲವೂ ಕಣ್ಣಿಗೆ ಕಟ್ಟುತ್ತದೆ. ಈ ಆಲ್ಬಂಗಳಲ್ಲಿ ಮೊದಲು ಕೇಳಬೇಕಾದದ್ದು ಯಾವುದೆಂದರೆ ನನ್ನ ಉತ್ತರ ಈಗಲೂ ಇದೇ. ಹಾಯ್‌ಫೈ ಅಂಗಡಿಗಳಲ್ಲಿ ಆಂಪ್ಲಿಫೈಯರ್ ಮಾರಲು ತಪ್ಪದೆ ಹಾಕುವ ಈಗಲ್ಸ್ ತಂಡದ 1994ರ 'ಹೆಲ್ ಫ್ರೀಜಸ್ ಓವರ್' ನನಗೆ ಅಷ್ಟು ಹಿಡಿಸಲಿಲ್ಲ. ಅದರಲ್ಲಿ ಡ್ರಮ್ಮಿನ ಏಟು ಎದೆಗೆ ತಾಗುತ್ತದೆ ನಿಜ, ಆದರೆ ಎಲ್ಲ ವಾದ್ಯಗಳೂ ಒಂದೇ ಗೆರೆಯ ಮೇಲೆ ಕುಳಿತಂತಿರುತ್ತವೆ.

ಹಣದ ಲೆಕ್ಕವನ್ನು ನೆನಪಿನಿಂದ ಹೇಳುತ್ತೇನೆ. ಹೊಂದಿಕೆಯಾದ ಒಂದು ಜೊತೆ ಸಣ್ಣ ಕಂಡೆನ್ಸರ್ ಮೈಕುಗಳು ಬಳಸಿದ ಮಾಲಾದರೂ 30 ಸಾವಿರದ ಹತ್ತಿರ ಬಿದ್ದವು. ನಾಲ್ಕು ಚಾನೆಲ್ಲಿನ ಕೈ ರೆಕಾರ್ಡರಿಗೆ 22 ಅಥವಾ 23 ಸಾವಿರ. ಎತ್ತರದ ಸ್ಟ್ಯಾಂಡು, ಕೇಬಲ್ಲು, ಹೆಡ್‌ಫೋನು ಸೇರಿ ಇನ್ನೊಂದು 20 ಸಾವಿರ. ಆಮೇಲೆ ಎಂಟಂಕಿಯ ಆಕಾರದಲ್ಲಿ ಮುಂದೆ ಹಿಂದೆ ಎರಡೂ ಕಡೆಯಿಂದ ಕೇಳಿಸಿಕೊಳ್ಳುವ ರಿಬ್ಬನ್ ಮೈಕುಗಳ ಹುಚ್ಚು ಹತ್ತಿ ಅದಕ್ಕೊಂದು 40 ಸಾವಿರ ಹೋಯಿತು. ಮನೆಯಲ್ಲಿ ಈ ಕೊನೆಯ ಅಂಕಿಯನ್ನು ಇನ್ನೂ ಪೂರ್ತಿಯಾಗಿ ಹೇಳಿಲ್ಲ. ಬಂದದ್ದೇನೆಂದರೆ ತಾಂಬೂಲ, ತೆಂಗಿನಕಾಯಿ, ಒಮ್ಮೊಮ್ಮೆ ಆಟೊ ಖರ್ಚು. ಮುದ್ರಣದ ಒಂದು ಪ್ರತಿ ಕಲಾವಿದರಿಗೆ, ಒಂದು ಸಭೆಗೆ ಹೋಗುತ್ತದೆ. ಕಲಾವಿದರ ಒಪ್ಪಿಗೆಯಿಲ್ಲದೆ ಬೇರೆಲ್ಲಿಗೂ ಹೋಗದು.

ಎರಡು ಮೈಕುಗಳನ್ನು 17 ಸೆಂಟಿಮೀಟರ್ ಅಂತರದಲ್ಲಿ, 110 ಡಿಗ್ರಿ ಕೋನದಲ್ಲಿ ಇಡುವ ಫ್ರೆಂಚ್ ರೇಡಿಯೊದವರ ಕ್ರಮ ಎಲ್ಲರಿಗೂ ಗೊತ್ತಿರುವುದೇ. ಹಾಸನದ ಕಲ್ಯಾಣಮಂಟಪದಲ್ಲಿ ಅದನ್ನೇ ಇಟ್ಟಾಗ ಬಂದದ್ದು ಬರಿಯ ಗದ್ದಲ. ನುಣ್ಣನೆಯ ಗೋಡೆ, ಟೈಲ್ಸ್ ನೆಲ, ತಲೆಯ ಮೇಲೆ ತಗಡಿನ ಸೂರು ಇರುವಲ್ಲಿ ಚಪ್ಪಾಳೆ ತಟ್ಟಿದರೆ ಎರಡು ಮೂರು ಸೆಕೆಂಡು ಸುತ್ತುತ್ತಿರುತ್ತದೆ. ಅದಕ್ಕಿಂತ ದೊಡ್ಡ ತೊಡಕು ಗಾಯನದ್ದು. ಈಗಿನ ಗಾಯಕರು ಧ್ವನಿವರ್ಧಕವನ್ನು ನಂಬಿ ಮೆಲುದನಿಯಲ್ಲಿ ಹಾಡುವುದರಿಂದ, ಐದಾರು ಅಡಿ ದೂರದ ನನ್ನ ಮೈಕುಗಳಿಗೆ ಅವರ ಬಾಯಿಂದ ನೇರವಾಗಿ ಬರುವುದು ಅಲ್ಪ. ಎರಡು ಬದಿಯ ದೊಡ್ಡ ಸ್ಪೀಕರುಗಳಿಂದ ಸುತ್ತಿ ಬರುವುದೇ ಹೆಚ್ಚು. ಮೃದಂಗ ನಡುವೆ ಕುಳಿತಂತೆ, ಗಾಯಕಿ ಗೋಡೆಯೊಳಗಿಂದ ಹಾಡಿದಂತೆ ಮುದ್ರಣವಾಯಿತು. ಮೈಕು ಹತ್ತಿರ ಸರಿಸಿದರೆ ಪಿಟೀಲು ಒಂದು ಕಿವಿಗೆ, ಮೃದಂಗ ಇನ್ನೊಂದು ಕಿವಿಗೆ ಹರಿದುಹೋಗುತ್ತಿತ್ತು. ಕಾರ್ಯದರ್ಶಿಗಳು ಅದನ್ನು ಅರ್ಧ ನಿಮಿಷ ಕೇಳಿ ಹೆಡ್‌ಫೋನನ್ನು ಮರ್ಯಾದೆಯಿಂದ ಹಿಂದಿರುಗಿಸಿದರು.

ದಾರಿ ತೋರಿಸಿದ್ದು ಕೆನಡಾದ ಕೌಬಾಯ್ ಜಂಕೀಸ್ ತಂಡದ 'ದ ಟ್ರಿನಿಟಿ ಸೆಷನ್'. 1987ರ ನವೆಂಬರ್ 27ರಂದು ಟೊರಾಂಟೊದ ಹೋಲಿ ಟ್ರಿನಿಟಿ ಚರ್ಚಿನಲ್ಲಿ ಪೀಟರ್ ಮೂರ್ ಒಂದೇ ಒಂದು ಕ್ಯಾಲ್‌ರೆಕ್ ಮೈಕನ್ನು ನಡುವೆ ನಿಲ್ಲಿಸಿ, ತಂಡವನ್ನು ಸುತ್ತ ಕೂರಿಸಿ ಮುದ್ರಿಸಿದ ಆಲ್ಬಂ ಅದು. ಎದುರಿಗೆ ಸಭಿಕರಿರಲಿಲ್ಲ, ಆದರೂ ಮುದ್ರಣ ನೇರವಾದದ್ದೇ. ಆ ಗಾಯಕಿಯದೂ ಮೆಲುದನಿ. ಅವರ ದನಿಯನ್ನು ಧ್ವನಿವರ್ಧಕದ ಮೂಲಕ ಹೊರಡಿಸಿ, ಆ ಸ್ಪೀಕರಿನಿಂದ ಬಂದುದನ್ನೇ ನಡುವಿನ ಮೈಕು ಹಿಡಿಯುವಂತೆ ಮಾಡಿದ್ದರು. ಅಂದರೆ ಸ್ಪೀಕರು ಶತ್ರುವಲ್ಲ, ಅದು ತಪ್ಪು ಜಾಗದಲ್ಲಿದ್ದರೆ ಮಾತ್ರ ಶತ್ರು. ಗಾಯಕಿ ಕುಳಿತಲ್ಲಿಯೇ ಒಂದು ಸಣ್ಣ ಸ್ಪೀಕರು ಕುಳಿತರೆ ನನ್ನ ಮೈಕುಗಳ ಮಟ್ಟಿಗೆ ಅದು ಅವರ ಬಾಯಿಯೇ ಆಗುತ್ತದೆ.

ಹಾಗೆಯೇ ಮಾಡಿದೆ. ಸುಮಾರು ಐದಿಂಚಿನ ಸ್ಪೀಕರೊಂದನ್ನು ಗಾಯಕಿಯ ಮೈಕ್ ಸ್ಟ್ಯಾಂಡಿನ ಬುಡದಲ್ಲಿ ಸಭೆಯ ಕಡೆಗೆ ಮುಖ ಮಾಡಿಸಿ ಇಟ್ಟು, ಅದಕ್ಕೆ ಗಾಯನವನ್ನಷ್ಟೇ ಕೊಡಿಸಿದೆ. ಗಾಯಕಿಯ ಮೈಕಿನ ಬೆನ್ನು ಸ್ಪೀಕರಿನ ಕಡೆಗೂ ಸ್ಪೀಕರಿನ ಬೆನ್ನು ಮೈಕಿನ ಕಡೆಗೂ ಇರುವುದರಿಂದ ಶಿಳ್ಳೆ ಹೊಡೆಯುವುದಿಲ್ಲ. ವಾಲ್ಯೂಮು ಎಷ್ಟಿರಬೇಕೆಂದರೆ, ಮೊದಲ ಸಾಲಿನಲ್ಲಿ ಕುಳಿತವರಿಗೆ ಅದು ನುಡಿಯುತ್ತಿದೆಯೆಂದು ತಿಳಿಯಬಾರದು. ದೊಡ್ಡ ಸ್ಪೀಕರುಗಳನ್ನು ವೇದಿಕೆಯ ಅಂಚಿನಿಂದ ಎಂಟು ಹತ್ತು ಅಡಿ ಮುಂದಕ್ಕೆ ಸರಿಸಲು ಮೈಕ್‌ಸೆಟ್ಟಿನವರನ್ನು ಒಪ್ಪಿಸಬೇಕಾಗುತ್ತದೆ. ಒಂದು ಕಾಫಿ, ಅವರ ಮಿಕ್ಸರಿನ ಬಗ್ಗೆ ಎರಡು ಒಳ್ಳೆಯ ಮಾತು, ಇಷ್ಟರಲ್ಲಿ ಆಗುತ್ತದೆ. ಆಗ ನನ್ನ ಮೈಕುಗಳು ಅವುಗಳ ಬೆನ್ನ ಹಿಂದೆ ಉಳಿಯುತ್ತವೆ. ಸಣ್ಣ ಸ್ಪೀಕರಿನ ಅಡಿಗೆ ನಾನು ಹಾಕುವ ವಸ್ತು ಯಾವುದು, ಯಾವ ಕಂಪನವನ್ನು ಎಷ್ಟು ತಗ್ಗಿಸುತ್ತೇನೆ ಎಂಬ ಎರಡು ಸಂಗತಿಗಳನ್ನು ಮಾತ್ರ ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಕೈಯಾಡಿಸುವವರಿಗೆ ಒಂದೆರಡು ಕಛೇರಿಗಳಲ್ಲಿ ತಾನಾಗಿ ಹೊಳೆಯುತ್ತದೆ.

ಮೃದಂಗದ ಸಮಸ್ಯೆ ಎತ್ತರದಿಂದ ಬಗೆಹರಿಯಿತು. ಮೃದಂಗದ ಬಲಗೈ ಬದಿ ಸಭೆಗೆ ಎದುರಾಗಿರುವುದರಿಂದ ಅದರ ಮಟ್ಟದಲ್ಲಿ ಮೈಕಿದ್ದರೆ ಪೆಟ್ಟೆಲ್ಲ ನೇರವಾಗಿ ಬಡಿಯುತ್ತದೆ. ವೇದಿಕೆಯ ಹಾಸಿನಿಂದ ಏಳೆಂಟು ಅಡಿ ಮೇಲಕ್ಕೇರಿಸಿ ಕೆಳಮುಖವಾಗಿ ಬಾಗಿಸಿದರೆ ಪೆಟ್ಟು ಹದಕ್ಕೆ ಬಂದು, ಎಡಬದಿಯ ಗುಮುಕಿ, ಅಂದರೆ ಅಲ್ಲಿಂದೇಳುವ ತಗ್ಗು ನಾದ, ತುಂಬಿಕೊಂಡು ಕೇಳುತ್ತದೆ. ಸ್ಟ್ಯಾಂಡು ನೆಲದ ಮೇಲಿರಬೇಕು, ಟೊಳ್ಳು ವೇದಿಕೆಯ ಮೇಲಿಟ್ಟರೆ ತೊಡೆಯ ಮೇಲೆ ಹಾಕುವ ತಾಳವೆಲ್ಲ ಗುಡುಗಾಗುತ್ತದೆ. ತಾಳವಾದ್ಯಗಳು ಒಂದನ್ನೊಂದು ಮುಚ್ಚದೆ ಕೇಳುವುದೆಂದರೆ ಹೇಗೆಂದು ತಿಳಿಯಲು ಶಕ್ತಿ ತಂಡದ ಮೊದಲ ಆಲ್ಬಮನ್ನು ಕೇಳಬೇಕು. 1975ರ ಜುಲೈನಲ್ಲಿ ಅಮೆರಿಕದ ಸೌತಾಂಪ್ಟನ್ ಕಾಲೇಜಿನಲ್ಲಿ ನಡೆದ ಕಛೇರಿಯದು. ಜಾಕಿರ್ ಹುಸೇನರ ತಬಲಾ, ವಿಕ್ಕು ವಿನಾಯಕರಾಂ ಅವರ ಘಟ, ಆರ್. ರಾಘವನ್ ಅವರ ಮೃದಂಗ ಮೂರೂ ಒಟ್ಟಿಗೆ ಓಡುವಾಗಲೂ ಯಾವ ಬೆರಳು ಯಾವ ವಾದ್ಯದ್ದೆಂದು ಹೇಳಬಹುದು. ಈಗ ನನ್ನ ತನಿ ಆವರ್ತನಗಳೂ, ಅಂದರೆ ತಾಳವಾದ್ಯಗಳಷ್ಟೇ ನುಡಿಯುವ ಭಾಗಗಳ ಮುದ್ರಣವೂ, ಅದಕ್ಕೆ ತೀರ ದೂರವಿಲ್ಲವೆಂದು ನನಗೆ ಅನ್ನಿಸುತ್ತದೆ. ರಾಮನವಮಿಯಲ್ಲಿ ನುಡಿಸಿದ ಮೃದಂಗದ ವಿದ್ವಾಂಸರು ಮುದ್ರಣ ಕೇಳಿ, ತಮ್ಮ ಎಡಗೈ ಇಷ್ಟು ಸ್ಪಷ್ಟವಾಗಿ ಮುದ್ರಣದಲ್ಲಿ ಕೇಳಿದ್ದೇ ಇಲ್ಲವೆಂದು ಹೇಳಿ ಮತ್ತೊಂದು ಪೆನ್‌ಡ್ರೈವ್ ಕಳುಹಿಸಿಕೊಟ್ಟರು.

ರೆಕಾರ್ಡರನ್ನು 24 ಬಿಟ್, 48 ಕಿಲೋಹರ್ಟ್ಸಿನಲ್ಲಿಟ್ಟು, ಗಾಯನದ ಏರು ಮೈನಸ್ 12 ಡೆಸಿಬೆಲ್ ದಾಟದಂತೆ ನೋಡಿಕೊಳ್ಳುತ್ತೇನೆ; ಸೊನ್ನೆ ದಾಟಿದರೆ ದನಿ ಒಡೆಯುತ್ತದೆ. ತನಿಯಲ್ಲಿ ಮೈನಸ್ 5 ಅಥವಾ 6ರವರೆಗೆ ಹೋಗುತ್ತದೆ, ಹೋಗಲಿ. ಕಛೇರಿ ನಡೆಯುವಾಗ ಮಟ್ಟದ ಗುಂಡಿಯನ್ನು ಮುಟ್ಟುವುದಿಲ್ಲ.

ಇನ್ನು ರಿಬ್ಬನ್ ಮೈಕುಗಳ ಪ್ರಸಂಗ. ಅವುಗಳ ಹುಚ್ಚು ಹತ್ತಿಸಿದ್ದು ವಿಶ್ವಮೋಹನ ಭಟ್ಟರೂ ರೈ ಕೂಡರರೂ ಸೇರಿ ನುಡಿಸಿದ 'ಎ ಮೀಟಿಂಗ್ ಬೈ ದ ರಿವರ್'. 1992ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದ ಒಂದು ಪ್ರಾರ್ಥನಾ ಮಂದಿರದಲ್ಲಿ ವಾಟರ್ ಲಿಲಿ ಸಂಸ್ಥೆಯ ಕವಿಚಂದ್ರನ್ ಅಲೆಕ್ಸಾಂಡರ್ ಅದನ್ನು ಮುದ್ರಿಸಿದರು. ಎಂಟಂಕಿಯ ಎರಡು ಮೈಕುಗಳನ್ನು ಒಂದರ ಮೇಲೊಂದು 90 ಡಿಗ್ರಿಗೆ ಅಡ್ಡವಾಗಿಡುವ, ಇಂಗ್ಲೆಂಡಿನ ಎಂಜಿನಿಯರ್ ಅಲನ್ ಬ್ಲುಮ್ಲೈನ್ 1931ರಷ್ಟು ಹಿಂದೆಯೇ ಪೇಟೆಂಟಿಗೆ ಬರೆದಿಟ್ಟ ಕ್ರಮ ಅದರದು. ಎದುರುಬದುರು ಕುಳಿತ ಇಬ್ಬರ ನಡುವೆ ನಾವೇ ಕುಳಿತಂತೆ ಕೇಳುತ್ತದೆ. ಕಲ್ಯಾಣಮಂಟಪದಲ್ಲಿ ಈ ಕ್ರಮ ನಡೆಯದು, ಹಿಂದಿನ ಬದಿಗೆ ಇಡೀ ಮಂಟಪದ ಮಾರ್ದನಿ ಬಂದು ಬೀಳುತ್ತದೆ. ಆದರೆ ಚಿಕ್ಕಮಗಳೂರಿನ ಕಡೆಯ ತೋಟದ ಮನೆಯೊಂದರಲ್ಲಿ, ಮರದ ಅಟ್ಟ, ಜಮಖಾನ, ಮೂವತ್ತು ನಲವತ್ತು ಜನ ಇದ್ದ ವೀಣಾ ಕಛೇರಿಗೆ ಅದನ್ನೇ ಇಟ್ಟಾಗ, ಒಂದು ಗೋಡೆಗೆ ಕಾಫಿಯ ಗೋಣಿಚೀಲಗಳನ್ನು ಒಟ್ಟಿದ್ದಷ್ಟೇ ನಾನು ಮಾಡಿದ ಸುಧಾರಣೆ. ಮೀಟಿನ ನಂತರ ತಂತಿಯ ನಾದ ಕರಗುವುದು ಕಡೆಯವರೆಗೂ ಕೇಳುತ್ತದೆ. ನಡುವೆ ಹೆಂಚಿನ ಮೇಲೆ ಬಂದ ಮಳೆಯನ್ನು ಅಳಿಸಲು ನಾನು ಒಪ್ಪಲಿಲ್ಲ.

ರುದ್ರಪಟ್ಟಣದಲ್ಲಿ ಗಾಳಿ ಸೋಲಿಸಿತು. ಆರ್.ಕೆ. ಶ್ರೀಕಂಠನ್ ಅವರಂಥ ವಿದ್ವಾಂಸರನ್ನು ಕೊಟ್ಟ, ತಂಬೂರಿಯ ಆಕಾರದ ಮಂದಿರವಿರುವ ಆ ಊರಿನಲ್ಲಿ ಸಂಗೀತೋತ್ಸವದ ಹೊತ್ತಿಗೆ ಬಯಲಿನಲ್ಲಿ ಮೈಕಿಟ್ಟಾಗ, ಹೊಳೆಯ ಕಡೆಯ ಗಾಳಿ ಸ್ಪಂಜಿನ ಟೊಪ್ಪಿಗೆಗೆ ಬಗ್ಗಲೇ ಇಲ್ಲ. ಆಮೇಲೆ ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ರೋಮವಿರುವ ಬೊಂಬೆಯೊಂದನ್ನು 150 ರೂಪಾಯಿಯೊಳಗೆ ಕೊಂಡು, ಅದರ ಚರ್ಮವನ್ನು ಬಿಡಿಸಿ ಮೈಕುಗಳಿಗೆ ಅಂಗಿ ಹೊಲಿಸಿದೆ. ಸಾವಿರಾರು ರೂಪಾಯಿಯ ವಿದೇಶಿ ಟೊಪ್ಪಿಗೆಗೆ ಇದು ಕಡಿಮೆಯಿಲ್ಲ. ಮೊಮ್ಮಗಳಿಗೆ ಮಾತ್ರ ಇದು ಸಮಾಧಾನವಾಗಿಲ್ಲ.

ಸಭೆಯ ಸದ್ದಿನ ಬಗ್ಗೆ ನನ್ನ ನಿಲುವು ರೂಪುಗೊಂಡದ್ದು ಎರಡು ಜಾಝ್ ಆಲ್ಬಂಗಳಿಂದ. 1976ರ ಡಿಸೆಂಬರಿನಲ್ಲಿ ಸ್ಟಾಕ್‌ಹೋಮಿನ ಸ್ಟಾಂಪೆನ್ ಎಂಬಲ್ಲಿ ಗರ್ಟ್ ಪಾಮ್‌ಕ್ರಾಂಟ್ಸ್ ಕೆಲವೇ ಮೈಕುಗಳಿಂದ ನಾಗ್ರಾ ಟೇಪ್ ಯಂತ್ರಗಳಿಗೆ ಇಳಿಸಿಕೊಂಡ 'ಜಾಝ್ ಅಟ್ ದ ಪಾನ್‌ಶಾಪ್' ಮೊದಲನೆಯದು. ಗ್ಲಾಸಿನ ಟಣತ್ಕಾರಕ್ಕಾಗಿಯೇ ಅದನ್ನು ಕೇಳುವವರಿದ್ದಾರೆ, ಆ ಅತಿರೇಕ ನನಗಿಲ್ಲ. ಎರಡನೆಯದು ಬಿಲ್ ಎವಾನ್ಸ್ ತ್ರಯರು 1961ರ ಜೂನ್ 25ರ ಭಾನುವಾರ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡಿನಲ್ಲಿ ನುಡಿಸಿದ್ದು. ಪಿಯಾನೊ ಅಷ್ಟು ಮೆತ್ತಗೆ ನುಡಿಯುತ್ತಿರುವಾಗಲೂ ಜನ ಮಾತಾಡುತ್ತಿರುತ್ತಾರೆ, ಆ ಮಾತಿನಿಂದಲೇ ಕೋಣೆಯ ಅಳತೆ ತಿಳಿಯುತ್ತದೆ. ಬಾಸ್ ನುಡಿಸಿದ ಸ್ಕಾಟ್ ಲಫಾರೊ ಎರಡು ವಾರ ಕಳೆಯುವುದರೊಳಗೆ ಕಾರು ಅಪಘಾತದಲ್ಲಿ ತೀರಿಕೊಂಡರು. ಹೀಗಾಗಿ ನಾನೂ ಭಲೇ ಎಂಬ ಉದ್ಗಾರವನ್ನು, ಮಗುವಿನ ಅಳುವನ್ನು ಕತ್ತರಿಸುವುದಿಲ್ಲ. ಫ್ಯಾನುಗಳನ್ನು ಮಾತ್ರ ಹಟ ಹಿಡಿದು ಆರಿಸುತ್ತೇನೆ; ಹಾಸನದ ಹವೆಯಲ್ಲಿ ಸಂಜೆ ಅದನ್ನು ಯಾರೂ ಆಕ್ಷೇಪಿಸಿಲ್ಲ. ಶ್ರುತಿ ಮಾಡಿಕೊಳ್ಳುವುದನ್ನೂ ಮುದ್ರಣದಲ್ಲಿ ಉಳಿಸುತ್ತೇನೆ. 1971ರ ಆಗಸ್ಟ್ 1ರ ಬಾಂಗ್ಲಾದೇಶ ಸಹಾಯಾರ್ಥ ಕಛೇರಿಯ ಆಲ್ಬಮಿನಲ್ಲಿ ರವಿಶಂಕರ್, ಅಲಿ ಅಕ್ಬರ್ ಖಾನ್ ಅವರು ಶ್ರುತಿ ಮಾಡಿಕೊಂಡದ್ದಕ್ಕೇ ಸಭೆ ಚಪ್ಪಾಳೆ ತಟ್ಟಿದ್ದು, ಅದಕ್ಕೆ ರವಿಶಂಕರ್ ನಯವಾಗಿ ಕುಟುಕಿದ್ದು ಉಳಿದಿರುವುದರಿಂದಲ್ಲವೇ ನಾವು ಅದನ್ನು ಈಗಲೂ ಕೇಳಿ ನಗುವುದು!

ನಮ್ಮವರ ಮುದ್ರಣಗಳಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿಯವರ ಕಾರ್ನೆಗಿ ಹಾಲ್ ಕಛೇರಿಯನ್ನು ರಾಧಾ ವಿಶ್ವನಾಥನ್ ಅವರ ಸಹಗಾಯನಕ್ಕಾಗಿ ಕಿವಿಗೊಟ್ಟು ಕೇಳಬೇಕು. ಎರಡು ದನಿಗಳು ಎಲ್ಲಿ ಸೇರುತ್ತವೆ, ಎಲ್ಲಿ ಬಿಡುತ್ತವೆ ಎಂಬುದನ್ನು ಗುರುತಿಸುವ ಅಭ್ಯಾಸ ಮೈಕು ಇಡುವವರಿಗೆ ಅಗತ್ಯ. ಚೆನ್ನೈನ ಚಾರ್ಸೂರ್ ಸಂಸ್ಥೆಯ ಡಿಸೆಂಬರ್ ಸೀಸನ್ ಮುದ್ರಣಗಳು ನಮ್ಮ ಕೆಲಸಕ್ಕೆ ಅತ್ಯಂತ ಹತ್ತಿರದವು. ಅವು ಬಹುಮೈಕುಗಳವು, ನನ್ನ ದಾರಿಯವಲ್ಲ, ಆದರೂ ತಂಬೂರಿಯನ್ನು ಎಷ್ಟು ಕೇಳಿಸಬೇಕೆಂಬ ಅಳತೆಯನ್ನು ನಾನು ಅಲ್ಲಿಂದಲೇ ತೆಗೆದುಕೊಂಡದ್ದು. ಸಿತಾರಿಗೆ 1967ರ ಮಾಂಟೆರೇ ಉತ್ಸವದ ರವಿಶಂಕರ್ ಮುದ್ರಣ, ಅಲ್ಲಾರಖಾ ಅವರ ತಬಲಾಕ್ಕಾಗಿಯೂ.

ಈ ಸಣ್ಣ ಸ್ಪೀಕರಿನ ಉಪಾಯ ಗಾಯನಕ್ಕೆ, ವೀಣೆಗೆ, ಕೊಳಲಿಗೆ ಒದಗುತ್ತದೆ, ಪಿಟೀಲಿಗೆ ಬೇಕಾಗಿಲ್ಲ. ನಾಗಸ್ವರ ಮತ್ತು ಡೋಲಿಗೆ ಅದನ್ನು ಯೋಚಿಸಲೂ ಬಾರದು. ಅವಕ್ಕೆ ಧ್ವನಿವರ್ಧಕವನ್ನೇ ಬಂದ್ ಮಾಡಿಸಿ, ಎರಡು ಮೈಕುಗಳನ್ನು 15 ಅಡಿ ಹಿಂದಕ್ಕೊಯ್ದು, ರೆಕಾರ್ಡರಿನ ಗುಂಡಿಯನ್ನು ಗಾಯನಕ್ಕೆ ಇಡುವುದಕ್ಕಿಂತ ಕನಿಷ್ಠ 15 ಡೆಸಿಬೆಲ್ ತಗ್ಗಿಸಿಟ್ಟರೆ ಸಾಕು.